ಜೋಡಿನಳಿಗೆ ಕೋವಿಯ ಮಸಿ: ಮೊದಲು ನೀರು, ಆಮೇಲೆ ಎಣ್ಣೆ

ಕಪ್ಪು ಮದ್ದಿನ ತೋಟಾ ಹಾರಿಸಿದ ಕೋವಿಯನ್ನು ಚೆನ್ನಾಗಿ ಎಣ್ಣೆ ಹಾಕಿ ಒರೆಸಿಟ್ಟರೆ ಸಾಕೆಂದು ಬಹಳ ಮಂದಿ ನಂಬಿದ್ದಾರೆ. ಮೊದಮೊದಲು ನಾನೂ ಹಾಗೆಯೇ ನಂಬಿದ್ದೆ. ಎರಡು ವಾರ ಬಿಟ್ಟು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದಾಗ, ಎಣ್ಣೆಯ ಹೊಳಪಿನ ಕೆಳಗೇ ಸಾಸಿವೆಗಿಂತ ಚಿಕ್ಕದಾದ ಕಂದು ಚುಕ್ಕೆಗಳು ಸಾಲಾಗಿ ಎದ್ದಿದ್ದವು. ತುಕ್ಕನ್ನು ಉಜ್ಜಿ ತೆಗೆದೆ, ಆದರೆ ಅದು ಕೊರೆದ ಕುಳಿಗಳು ಹಾಗೆಯೇ ಉಳಿದವು. ಆದ್ದರಿಂದ ಈ ಕೆಲಸದ ಕ್ರಮವನ್ನು ಅದರ ಕಾರಣದ ಸಮೇತ ಬರೆಯುತ್ತಿದ್ದೇನೆ.

ಕಪ್ಪು ಮದ್ದಿನಲ್ಲಿ ಸುಮಾರು 75 ಭಾಗ ಪೊಟ್ಯಾಸಿಯಂ ನೈಟ್ರೇಟ್, 15 ಭಾಗ ಇದ್ದಿಲು, 10 ಭಾಗ ಗಂಧಕ ಇರುತ್ತವೆ. ಅದು ಸುಟ್ಟಾಗ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಘನವಸ್ತುವಾಗಿಯೇ ಉಳಿಯುತ್ತದೆ. ಸ್ವಲ್ಪ ಬಿಳಿ ಹೊಗೆಯಾಗಿ ಹೊರಗೆ ಹೋದರೆ ಉಳಿದದ್ದು ನಳಿಗೆಯ ಗೋಡೆಗೆ ಮೆತ್ತಿಕೊಳ್ಳುತ್ತದೆ. ಇದರಲ್ಲಿ ಪೊಟ್ಯಾಸಿಯಂನ ಕಾರ್ಬೊನೇಟ್, ಸಲ್ಫೇಟ್ ಮತ್ತು ಸಲ್ಫೈಡ್‌ಗಳೇ ಮುಖ್ಯ. ಕೋವಿ ತೊಳೆಯುವಾಗ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯ ವಾಸನೆ ಸಲ್ಫೈಡಿನದು; ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕಿನ ಮೇಲೆ ಸದಾ ಪಸೆ ಇರುವಂತೆ ಮಾಡುವುದು ಕಾರ್ಬೊನೇಟ್. ಈ ಲವಣಗಳು ನೀರಿನಲ್ಲಿ ಸಲೀಸಾಗಿ ಕರಗುತ್ತವೆ, ಎಣ್ಣೆಯಲ್ಲಿ ಕರಗುವುದಿಲ್ಲ. ಮಸಿಯ ಮೇಲೆ ಖನಿಜ ಎಣ್ಣೆ ಬಿದ್ದರೆ ಡಾಂಬರಿನಂಥ ಅಂಟು ಹುಟ್ಟಿ, ಲವಣ ಅದರ ಅಡಿಯಲ್ಲಿ ಭದ್ರವಾಗಿ ಕುಳಿತುಬಿಡುತ್ತದೆ.

ಹೊಗೆರಹಿತ ಮದ್ದಿನ ತೋಟಾ ಉಳಿಸುವ ಮಸಿ ಕಡಿಮೆ, ಅದು ಮಸಿ ಕರಗಿಸುವ ಮಾಮೂಲಿ ದ್ರಾವಕಕ್ಕೆ, ಅಂದರೆ ಸಾಲ್ವೆಂಟಿಗೆ, ಬಿಡುತ್ತದೆ. ಆದರೆ ತೋಟಾ ಬಹಳ ಹಳೆಯದಾಗಿದ್ದು ಅದರ ಕೇಪಿನಲ್ಲಿ (ಹೊಡೆತಕ್ಕೆ ಕಿಡಿ ಹುಟ್ಟಿಸುವ ಬುಡದ ಬಿಲ್ಲೆಯಲ್ಲಿ) ಪೊಟ್ಯಾಸಿಯಂ ಕ್ಲೋರೇಟ್ ಇದ್ದರೆ, ಸುಟ್ಟ ಬಳಿಕ ಉಳಿಯುವುದು ಅಡುಗೆ ಉಪ್ಪಿನ ಹತ್ತಿರದ ಸಂಬಂಧಿಯಾದ ಪೊಟ್ಯಾಸಿಯಂ ಕ್ಲೋರೈಡ್. ಆಗಲೂ ನೀರೇ ಬೇಕು. ಯಾವ ಕೋವಿಗೆ ಯಾವ ತೋಟಾ ಎಂಬುದನ್ನು ಮಾತ್ರ ಊಹೆಗೆ ಬಿಡಬೇಡಿ. ಕಬ್ಬಿಣ-ಉಕ್ಕಿನ ಪಟ್ಟಿಗಳನ್ನು ಸುರುಳಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಯಾಗಲಿ, ಹಳೆಯ ಉಕ್ಕಿನದಾಗಲಿ, ಅದರ ಗೋಡೆಯ ದಪ್ಪವನ್ನೂ ತೋಟಾ ಕೂರುವ ಚೇಂಬರಿನ ಉದ್ದವನ್ನೂ ಬಲ್ಲ ಕೋವಿ ರಿಪೇರಿಗಾರರಿಂದ ಅಳೆಸಿದ ಮೇಲೆಯೇ ಈಡು ಹಾರಿಸಬೇಕು.

ತೊಳೆಯಲು ಕೂರುವ ಮೊದಲು ಕೋವಿಯನ್ನು ಕೀಲಿನಲ್ಲಿ ಮಡಚಿ ತೆರೆದು ಎರಡೂ ಚೇಂಬರ್ ಖಾಲಿ ಇವೆಯೆಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ತೋಟಾಗಳು ಆ ಕೋಣೆಯಲ್ಲೇ ಇರಬಾರದು. ಮಸಿಯಲ್ಲಿ ಸೀಸವಿರುವುದರಿಂದ ಕೈಗವಸು ಹಾಕಿಕೊಳ್ಳಿ, ಗಾಳಿಯಾಡುವ ಜಾಗದಲ್ಲಿ ಕುಳಿತುಕೊಳ್ಳಿ. ನಂತರ ನಳಿಗೆಗಳ ಅಡಿಯ ಫೋರ್‌ಎಂಡ್ ಮರವನ್ನು ಬಿಚ್ಚಿ, ನಳಿಗೆಗಳನ್ನು ಹಿಡಿಯಿಂದ ಬೇರ್ಪಡಿಸಿ.

ಜೋಡಿನಳಿಗೆಗೆ ನೀರು ತಾಗಿಸುವ ಮುನ್ನ ಮಾಡಲೇಬೇಕಾದ ಪರೀಕ್ಷೆಯೊಂದಿದೆ. ಎರಡು ನಳಿಗೆಗಳ ನಡುವಿನ ಪಟ್ಟಿಗಳನ್ನು, ಅಂದರೆ ರಿಬ್‌ಗಳನ್ನು, ಹಳೆಯ ಕೋವಿಗಳಲ್ಲಿ ಸಾಮಾನ್ಯವಾಗಿ ಮೆದು ಬೆಸುಗೆಯಿಂದ ಕೂರಿಸಿರುತ್ತಾರೆ. ನಳಿಗೆಗಳನ್ನು ಹಿಂತುದಿಯ ಕೊಕ್ಕೆಯಿಂದ ತೂಗಾಡುವಂತೆ ಒಂದು ಬೆರಳಲ್ಲಿ ಹಿಡಿದು, ಇನ್ನೊಂದು ಕೈಯ ಉಗುರಿನಿಂದ ಮೆಲ್ಲಗೆ ತಟ್ಟಿ. ದೇವರ ಮನೆಯ ಗಂಟೆಯಂತೆ ನಾದ ಎಳೆದು ನಿಂತರೆ ಬೆಸುಗೆ ಗಟ್ಟಿ. ಒಡೆದ ಮಡಕೆಯಂತೆ ಗರಗರ ಎಂದರೆ ರಿಬ್ ಎಲ್ಲೋ ಬಿಟ್ಟಿದೆ. ಬಿಟ್ಟ ರಿಬ್ಬಿನೊಳಗೆ ಹೊಕ್ಕ ನೀರು ಸುಲಭವಾಗಿ ಹೊರಬರುವುದಿಲ್ಲ, ನಳಿಗೆಯನ್ನು ಕಾಣದ ಕಡೆಯಿಂದ ತಿನ್ನುತ್ತದೆ. ಅಂಥ ಕೋವಿಯನ್ನು ನೀರಿನಲ್ಲಿ ಅದ್ದದೆ, ಒದ್ದೆ ಬಟ್ಟೆಯ ತುಣುಕುಗಳಿಂದ ಒಳಗಷ್ಟೇ ಒರೆಸಿ, ರಿಪೇರಿಗೆ ಕೊಡಿ.

ನಾದ ಸರಿಯಿದ್ದರೆ ನಳಿಗೆಯ ಬಾಯಿಯನ್ನು ಬಕೆಟ್ಟಿನೊಳಗೆ ಇಳಿಸಿ, ಚೇಂಬರಿನ ಕಡೆಯಿಂದ ಬಿಸಿನೀರು ಸುರಿಯಿರಿ. ಕುದಿನೀರಿಗೆ ಬೆಸುಗೆ ಕರಗೀತೆಂಬ ಭಯ ಬೇಡ, ಸೀಸ-ತವರದ ಮೆದು ಬೆಸುಗೆ ಕರಗಲು 183 ಡಿಗ್ರಿ ಸೆಲ್ಸಿಯಸ್ ಆದರೂ ಬೇಕು. ಆದರೂ ಕೈಗೆ ಹಿತವಾಗುವಷ್ಟು ಬಿಸಿ ನನಗೆ ಮೆಚ್ಚುಗೆ, ಏಕೆಂದರೆ ತೀರಾ ಬಿಸಿಯಾದರೆ ಒಣಗುವ ಕ್ಷಣದಲ್ಲೇ ತೆಳುವಾದ ತುಕ್ಕಿನ ಪೊರೆ ಮೂಡುತ್ತದೆ. ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಸೇರಿಸಬಹುದು. ವಿನಿಗರ್ ಮಾತ್ರ ಬೇಡ. ನಳಿಗೆಯ ಹೊರಮೈಗೆ ಕೊಟ್ಟ ಕಂದು ಬಣ್ಣವೂ ನೀಲಿ ಬಣ್ಣವೂ ಕಬ್ಬಿಣದ ಆಕ್ಸೈಡೇ ಆದ್ದರಿಂದ ಆಮ್ಲ ಅವನ್ನೇ ಕಿತ್ತುಹಾಕುತ್ತದೆ. ಕಂಚಿನ ತಂತಿಯ ಬ್ರಷ್ಷನ್ನು ಚೇಂಬರಿನಿಂದ ಬಾಯಿಯ ಕಡೆಗೆ ಪೂರ್ತಿ ಹೊರಬರುವವರೆಗೆ ಹಲವು ಬಾರಿ ಆಡಿಸಿ, ಮತ್ತೆ ನೀರು ಸುರಿದು, ಬಟ್ಟೆ ತುಣುಕಿಗೆ ಬಣ್ಣ ಹತ್ತದಂತಾಗುವವರೆಗೆ ಒರೆಸಿ.

ಈಗ ನಳಿಗೆಯನ್ನು ಕಿಟಕಿಯ ಕಡೆ ಹಿಡಿದು ನೋಡಿ. ಬೆಳಕಿನ ಉಂಗುರಗಳು ಕದಡದೆ ಸಾಲಾಗಿ ಕಾಣಬೇಕು. ಚೇಂಬರ್ ಮುಗಿದು ನಳಿಗೆ ಕಿರಿದಾಗುವಲ್ಲಿ ಅಥವಾ ಬಾಯಿಯ ಹತ್ತಿರ ಮತ್ತೆ ಕಿರಿದಾಗುವ ಚೋಕಿನ ಬಳಿ ಬೂದು ಗೆರೆಗಳಿದ್ದರೆ ಅದು ಸೀಸ ಅಥವಾ ಕರಗಿದ ಪ್ಲಾಸ್ಟಿಕ್ ವ್ಯಾಡ್ (ತೋಟಾದೊಳಗೆ ಮದ್ದಿಗೂ ಗುಂಡುಗಳಿಗೂ ನಡುವಿನ ಬಿಲ್ಲೆ), ನೀರಿಗೆ ಬಗ್ಗುವುದಿಲ್ಲ. ಸಾಲ್ವೆಂಟ್ ಹಚ್ಚಿ ಹದಿನೈದು ನಿಮಿಷ ಬಿಟ್ಟು ಮತ್ತೆ ಬ್ರಷ್ ಆಡಿಸಿದರೆ ಸಿಪ್ಪೆಯಂತೆ ಎದ್ದು ಬರುತ್ತದೆ. ಕಪ್ಪು ಮದ್ದಿಗೆ ರಟ್ಟು ಮತ್ತು ನಾರಿನ ವ್ಯಾಡ್‌ಗಳನ್ನೇ ಬಳಸುವವರಿಗೆ ಪ್ಲಾಸ್ಟಿಕ್ಕಿನ ಕಾಟ ಇರುವುದಿಲ್ಲ.

ಹೆಚ್ಚಿನವರು ಮರೆಯುವ ಜಾಗ, ತೋಟಾವನ್ನು ಚೇಂಬರಿನಿಂದ ಹೊರಕ್ಕೆತ್ತುವ ಎಕ್ಸ್‌ಟ್ರ್ಯಾಕ್ಟರಿನ ಅಡಿ. ಅಲ್ಲಿ ಮಸಿಯ ಹೆಪ್ಪು ಸೇರಿದರೆ ಎಕ್ಸ್‌ಟ್ರ್ಯಾಕ್ಟರ್ ಪೂರ್ತಿ ಒಳಗೆ ಕೂರದೆ, ಕೋವಿ ಮುಚ್ಚುವಾಗ ಬಿಗಿಯುತ್ತದೆ. ಬಲವಂತವಾಗಿ ಮುಚ್ಚಬೇಡಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಆ ಸಂದನ್ನು ಉಜ್ಜಿ ಒಣಗಿಸಿ. ನಳಿಗೆಗಳ ಹಿಂತುದಿ ಬಂದು ಕೂರುವ ಆ್ಯಕ್ಷನ್ನಿನ ಮುಖವನ್ನೂ ಕೇಪಿಗೆ ಹೊಡೆಯುವ ಸೂಜಿಯ ರಂಧ್ರಗಳನ್ನೂ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಒಳಗಿನ ಲಾಕುಗಳಿಗೆ, ಅಂದರೆ ಈಡು ಹಾರಿಸುವ ಯಂತ್ರಭಾಗಗಳಿಗೆ, ನೀರು ಇಳಿಯಬಾರದು.

ಎಲ್ಲವೂ ಒಣಗಿದ ಮೇಲೆ ಒಳಗೂ ಹೊರಗೂ ಎಣ್ಣೆಯ ತೆಳು ಪೊರೆ, ಕೋವಿ ಮಡಚುವ ಕೀಲಿಗೆ ಚೂರು ಗ್ರೀಸ್. ಎಣ್ಣೆ ಹೆಚ್ಚಾದರೆ ಹಿಡಿಯ ಮರಕ್ಕೆ ಇಳಿದು ಅದನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ಮೊದಲ ರಾತ್ರಿ ನಳಿಗೆಯ ಬಾಯಿ ಕೆಳಗಿರುವಂತೆ ನಿಲ್ಲಿಸಿಡಿ. ಮರುದಿನ ಬಿಳಿ ಬಟ್ಟೆಯ ತುಣುಕೊಂದನ್ನು ಒಳಗೆ ಹಾಯಿಸಿ. ಅದು ಕಂದಾಗಿ ಬಂದರೆ ಲವಣ ಇನ್ನೂ ಉಳಿದಿದೆ ಎಂದರ್ಥ, ಮತ್ತೆ ನೀರಿನಿಂದಲೇ ಶುರುಮಾಡಿ. ಬಿಳಿಯಾಗಿಯೇ ಬಂದರೆ ಇನ್ನೊಮ್ಮೆ ಎಣ್ಣೆಯ ಬಟ್ಟೆ ಆಡಿಸಿ ಬೀಗ ಹಾಕಿ ಇಡಿ.