ಹುಣಸೆ ಬೀಜ ಇಟ್ಟುಕೊಂಡು ಭಾಭಾ ಪಾಠ ಮಾಡಿದ್ದು

ನಾನು ಕೋಲಾರ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತೇನೆ. ಅಕ್ಟೋಬರ್ 30, ನಮ್ಮ ದೇಶದ ಅಣುಶಕ್ತಿ ಕೆಲಸ ಕಟ್ಟಿದ ವಿಜ್ಞಾನಿ ಹೋಮಿ ಭಾಭಾ ಹುಟ್ಟಿದ ದಿನ. ಆ ಹೊತ್ತಿಗೆ ಅವರ ಬಗ್ಗೆ ಒಂದು ಪೀರಿಯಡ್ ಮಾತಾಡುವುದು ನಾನೇ ಮಾಡಿಕೊಂಡ ರೂಢಿ.

ಮೊದಲ ವರ್ಷ ಬೋರ್ಡ್ ತುಂಬಾ ಇಸವಿ ಬರೆದೆ. 1945 ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ), 1948 ಅಣುಶಕ್ತಿ ಆಯೋಗ, 1956 ಅಪ್ಸರಾ ರಿಯಾಕ್ಟರ್, 1966 ಮಾಂಟ್ ಬ್ಲಾಂಕ್ ಹತ್ತಿರ ವಿಮಾನ ಅಪಘಾತದಲ್ಲಿ ಸಾವು. ಮಕ್ಕಳು ಸುಮ್ನೆ ಬರೆದುಕೊಂಡರು. ಕೊನೆಗೆ ಒಬ್ಬಳು ಎದ್ದು ಕೇಳಿದಳು, "ಸಾರ್, ಇವರು ಫಿಸಿಕ್ಸಲ್ಲಿ ಏನು ಮಾಡಿದರು?" ನಾನು ಬರೆದಿದ್ದರಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಆ ಪ್ರಶ್ನೆ ನನ್ನನ್ನು ವರ್ಷವಿಡೀ ಬಿಡಲಿಲ್ಲ.

ಮುಂದಿನ ವರ್ಷ ಅವರ ಮನೆಯಿಂದ ಶುರು ಮಾಡಿದೆ. ಹುಡುಗ ಇಂಜಿನಿಯರ್ ಆಗಿ ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆ ಸೇರಲಿ ಅಂತ ಅಪ್ಪನ ಆಸೆ. ಕೇಂಬ್ರಿಡ್ಜಿಗೆ ಹೋದ ಭಾಭಾ, ನನಗೆ ಫಿಸಿಕ್ಸೇ ಬೇಕು ಅಂತ ಅಪ್ಪನಿಗೆ ಕಾಗದ ಬರೆದರು. ಅಪ್ಪ ಒಂದು ಷರತ್ತು ಹಾಕಿದರು. ಮೊದಲು ಮೆಕ್ಯಾನಿಕಲ್‌ನಲ್ಲಿ ಫಸ್ಟ್ ಕ್ಲಾಸ್ ತೆಗೆ, ಆಮೇಲೆ ಗಣಿತ ಓದಲು ನಾನೇ ದುಡ್ಡು ಕೊಡುತ್ತೇನೆ. 1930ರಲ್ಲಿ ಫಸ್ಟ್ ಕ್ಲಾಸ್ ಬಂತು, ಅಪ್ಪ ಮಾತು ಉಳಿಸಿಕೊಂಡರು. ಸಿಇಟಿ ರ‍್ಯಾಂಕಿನ ಚಿಂತೆಯಲ್ಲೇ ಇರುವ ಮಕ್ಕಳು ಇದನ್ನು ಕೇಳುವಾಗ ಕ್ಲಾಸು ಎಷ್ಟು ನಿಶ್ಶಬ್ದ ಆಗುತ್ತದೆ ಅಂದರೆ, ಕಾರಿಡಾರಿನಲ್ಲಿ ನಡೆಯುವವರ ಚಪ್ಪಲಿ ಸದ್ದೂ ಕೇಳುತ್ತದೆ.

ಆಮೇಲೆ ಬೀಜದ ಪಾಠ. ಮನೆಯಿಂದ ಒಂದು ಡಬ್ಬಿ ಹುಣಸೆ ಬೀಜ, ಒಂದು ಡಬ್ಬಿ ಒಣ ಅವರೆಕಾಳು ತಂದಿದ್ದೆ. ಅವರೆಕಾಳು ಅಂದರೆ ಗಾಮಾ ಕಿರಣ, ತುಂಬಾ ಶಕ್ತಿಯ ಬೆಳಕು. ಹುಣಸೆ ಬೀಜ ಅಂದರೆ ಎಲೆಕ್ಟ್ರಾನ್, ಅಥವಾ ಅದರದೇ ಧನ ಚಾರ್ಜಿನ ಜೊತೆಗಾರ ಪಾಸಿಟ್ರಾನ್. ಬೆಂಚುಗಳನ್ನು ಪಕ್ಕಕ್ಕೆ ಸರಿಸಿ ನೆಲದ ಮೇಲೆ ಒಂದೇ ಒಂದು ಅವರೆಕಾಳು ಇಟ್ಟೆ. ಅದರ ಶಕ್ತಿ 10,240 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಮಾನ) ಅಂದುಕೊಳ್ಳಿ ಅಂದೆ. ಗಾಳಿಯಲ್ಲಿ ಒಂದಷ್ಟು ದೂರ ಬಂದ ಮೇಲೆ ಅದು ಎಲೆಕ್ಟ್ರಾನ್, ಪಾಸಿಟ್ರಾನ್ ಜೋಡಿ ಆಗುತ್ತದೆ. ಕಾಳು ತೆಗೆದು ಎರಡು ಹುಣಸೆ ಬೀಜ ಇಟ್ಟೆವು. ಅವು ಒಂದೊಂದೂ ಯಾವುದೋ ಪರಮಾಣುವಿನ ನ್ಯೂಕ್ಲಿಯಸ್ ಹತ್ತಿರ ಹಾದು ಒಂದೊಂದು ಗಾಮಾ ಚೆಲ್ಲುತ್ತವೆ. ನಾಲ್ಕಾಯಿತು. ಆ ಗಾಮಾಗಳು ಮತ್ತೆ ಜೋಡಿ ಆಗುತ್ತವೆ, ಬೀಜಗಳು ಮತ್ತೆ ಒಂದೊಂದು ಗಾಮಾ ಚೆಲ್ಲುತ್ತವೆ. ಎಂಟು. ಪ್ರತಿ ಸಲ ಸಂಖ್ಯೆ ಎರಡು ಪಟ್ಟು, ತಲಾ ಶಕ್ತಿ ಅರ್ಧ. ಏಳನೇ ಸಲಕ್ಕೆ ಬೀಜ, ಕಾಳು ಸೇರಿ 128, ಒಂದೊಂದರ ಪಾಲಿಗೆ 80 ಮಿಲಿಯನ್. ಗಾಳಿಯಲ್ಲಿ ಹೆಚ್ಚು ಕಡಿಮೆ ಅಲ್ಲಿಗೆ ಈ ಆಟ ನಿಲ್ಲುತ್ತದೆ. ಅಲ್ಲಿಂದ ಮುಂದೆ ಹೊಸ ಕಣ ಹುಟ್ಟಿಸುವುದಕ್ಕಿಂತ ಗಾಳಿಯ ಅಣುಗಳನ್ನು ತಟ್ಟುವುದರಲ್ಲೇ ಹೆಚ್ಚು ಶಕ್ತಿ ಖರ್ಚಾಗುತ್ತದೆ. ನಿಜವಾಗಿ ಶಕ್ತಿ ಹೀಗೆ ಸರಿಸಮ ಪಾಲಾಗುವುದಿಲ್ಲ, ಅದರ ಗಣಿತ ಕಷ್ಟದ್ದು. ಅದನ್ನೇ 1937ರಲ್ಲಿ ಭಾಭಾ ಮತ್ತು ಜರ್ಮನ್ ಭೌತವಿಜ್ಞಾನಿ ವಾಲ್ಟರ್ ಹೈಟ್ಲರ್ ಬಿಡಿಸಿದ್ದು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಯಾಕೆ ಮಳೆಯ ಹಾಗೆ ಗುಂಪಾಗಿ ಸುರಿಯುತ್ತವೆ ಅನ್ನುವುದು ಆಗ ಅರ್ಥವಾಯಿತು.

ಇಲ್ಲೇ ನನಗೆ ತುಂಬಾ ಇಷ್ಟವಾದ ವಿಷಯ ಇರುವುದು. ಎಲೆಕ್ಟ್ರಾನ್ ಆಗಿದ್ದರೆ ದಪ್ಪ ಸೀಸದ ಗೋಡೆಯೊಳಗೆ ಹೀಗೇ ಒಡೆದು ಮುಗಿದುಹೋಗಬೇಕು, ಅಲ್ವಾ? ಆದರೆ ಕೆಲವು ಕಣಗಳು ಸೀಸ ದಾಟಿ ಆರಾಮಾಗಿ ಬರುತ್ತಿದ್ದವು. ಹಾಗಾದರೆ ಅವು ಎಲೆಕ್ಟ್ರಾನ್ ಅಲ್ಲ, ಅದಕ್ಕಿಂತ ಭಾರದ ಬೇರೆ ಏನೋ. ಇವತ್ತು ಅದನ್ನು ಮ್ಯೂಯಾನ್ ಅಂತೀವಿ. ತಮ್ಮ ಲೆಕ್ಕ ಎಲ್ಲಿ ಸೋಲುತ್ತದೆ ಅಂತ ನೋಡಿ, ಆ ಜಾಗದಲ್ಲಿ ಹೊಸ ಕಣ ಇದೆ ಅಂದವರಲ್ಲಿ ಭಾಭಾ ಒಬ್ಬರು. ನನ್ನ ಮಟ್ಟಿಗೆ ಇದು ಅಪ್ಸರಾಗಿಂತ ದೊಡ್ಡದು.

1939ರಲ್ಲಿ ರಜೆಗೆ ಬಂದಿದ್ದರು, ಯುದ್ಧ ಶುರುವಾಯಿತು, ವಾಪಸ್ ಹೋಗಲಿಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ.ವಿ. ರಾಮನ್ ಇದ್ದ ವಿಭಾಗ ಸೇರಿದರು. 1944ರ ಮಾರ್ಚ್‌ನಲ್ಲಿ ಟಾಟಾ ಟ್ರಸ್ಟಿಗೆ ಕಾಗದ ಬರೆದು, ಮೂಲ ಫಿಸಿಕ್ಸಿಗೆ ಒಂದು ಸಂಸ್ಥೆ ಬೇಕು, ಮುಂದೆ ಅಣುಶಕ್ತಿ ಬಂದಾಗ ನಮ್ಮವರೇ ಸಿದ್ಧ ಇರುತ್ತಾರೆ ಅಂದರು. ಹಿರೋಷಿಮಾಕ್ಕೆ ಇನ್ನೂ ಒಂದು ವರ್ಷದ ಮೇಲಿತ್ತು! ಟಿಐಎಫ್‌ಆರ್ ಮೊದಲು ಶುರುವಾಗಿದ್ದೂ ಅದೇ ಐಐಎಸ್‌ಸಿ ಆವರಣದಲ್ಲಿ, 1945ರ ಜೂನ್‌ನಲ್ಲಿ. ವರ್ಷದ ಕೊನೆಗೆ ಮುಂಬೈಗೆ ಹೋಯಿತು. ಕುರ್ಚಿ ಮಾಡಿ ಆಮೇಲೆ ಜನ ಹುಡುಕುವುದು ಅವರ ರೀತಿ ಅಲ್ಲ. ಒಳ್ಳೆಯ ಮನುಷ್ಯ ಸಿಕ್ಕರೆ ಅವನ ಸುತ್ತ ಕೆಲಸ ಕಟ್ಟುತ್ತಿದ್ದರು.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇತ್ತು. ಮ್ಯೂಯಾನ್ ಎಷ್ಟು ಆಳಕ್ಕೆ ಇಳಿಯುತ್ತದೆ ಅಂತ ನೋಡಲು 1951ರಲ್ಲಿ ಭಾಭಾ ಕಳಿಸಿದ್ದು ಮೈಸೂರು ಸೀಮೆಯ ಹುಡುಗ ಬಿ.ವಿ. ಶ್ರೀಕಂಠನ್ ಅವರನ್ನು, ಕೆಜಿಎಫ್ ಗಣಿಗೆ. ಮುಂದೆ ಅವರೇ ಟಿಐಎಫ್‌ಆರ್ ನಿರ್ದೇಶಕರಾದರು. 60ರ ದಶಕದಲ್ಲಿ ಗಣಿಯ ತುಂಬಾ ಆಳದಲ್ಲಿ ವಾರಗಟ್ಟಲೆ ಕಾದರೂ ಒಂದು ಮ್ಯೂಯಾನ್ ಬರಲಿಲ್ಲ. ಅಷ್ಟು ಶಾಂತವಾದ ಜಾಗದಲ್ಲಿ ನ್ಯೂಟ್ರಿನೋ, ಅಂದರೆ ಯಾವುದನ್ನೂ ಸುಲಭಕ್ಕೆ ತಟ್ಟದೆ ಭೂಮಿಯನ್ನೇ ದಾಟಿಹೋಗುವ ಕಣ, ಹಿಡಿಯಬಹುದು ಅಂತ ಹೊಳೆಯಿತು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ 2 ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ ಹಿಡಿದರು.

"ನಮ್ಮ ತಾತ ಅಲ್ಲೇ ಕೆಲಸ ಮಾಡ್ತಿದ್ದರು ಸಾರ್" ಅಂದ ಹಿಂದಿನ ಬೆಂಚಿನ ಹುಡುಗ. ಅಂಗೈ ಚಾಚು ಅಂದೆ. ಈಗ ನಿನ್ನ ಅಂಗೈ ಮೂಲಕ ನಿಮಿಷಕ್ಕೆ ಸುಮಾರು 100 ಮ್ಯೂಯಾನ್ ಹೋಗುತ್ತಿವೆ. ಹುಡುಗ ಕೈ ಹಾಗೇ ಹಿಡಿದುಕೊಂಡು ಕೇಳಿದ, "ತಾತ ಒಳಗೆ ಇದ್ದಾಗ?"

ಹೆಚ್ಚು ಕಡಿಮೆ ಸೊನ್ನೆ ಅಂದೆ.