ಮಂಡಕ್ಕಿಯಿಂದ ರೊಟ್ಟಿಯವರೆಗೆ: ಆಟಿಸಂ ಇರುವ ಮಗುವಿನ ಊಟ

ಗೋಧಿ, ಹಾಲು ಬಿಡಿಸಿದರೆ ಆಟಿಸಂ ವಾಸಿಯಾಗುತ್ತದೆ ಎಂದು ಯಾರೋ ಹೇಳಿರುತ್ತಾರೆ. ಅದಕ್ಕೆ ಗಟ್ಟಿ ಪುರಾವೆಯಿಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಜೋಳದಲ್ಲಿ ಇಲ್ಲ. ಗ್ಲುಟೆನ್ ಬಿಡುವುದೇ ಔಷಧಿಯಾಗಿದ್ದರೆ ರಾಯಚೂರು, ಕೊಪ್ಪಳದ ಜೋಳದ ರೊಟ್ಟಿ ತಿನ್ನುವ ಮನೆಗಳಲ್ಲಿ ಆಟಿಸಂ ಎಂಬ ಹೆಸರೇ ಕೇಳಬಾರದಿತ್ತು. ಮೊದಲೇ ನಾಲ್ಕೈದು ಪದಾರ್ಥ ಮಾತ್ರ ಮುಟ್ಟುವ ಮಗುವಿನಿಂದ ಹಾಲು, ಮೊಸರನ್ನೂ ಕಸಿದರೆ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು?

ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮಗು ತಿಂದದ್ದನ್ನೆಲ್ಲ ಒಂದು ವಾರ ಬರೆಯಿರಿ: ಗರಿಗರಿಯೋ ಮೆತ್ತಗೋ, ಬಿಸಿಯೋ ತಣ್ಣಗೋ, ಯಾವ ಬಣ್ಣ. ಈ ಮಕ್ಕಳಲ್ಲಿ ಅನೇಕರಿಗೆ ರುಚಿಗಿಂತ ಸ್ಪರ್ಶ, ವಾಸನೆ ಹೆಚ್ಚು ಕಾಡುತ್ತವೆ. ಹಟವೆಂದು ಗದರಿದರೆ ಪ್ರಯೋಜನವಿಲ್ಲ.

ನಿಮ್ಮ ಮಗು ಬರೀ ಮಂಡಕ್ಕಿ ತಿನ್ನುತ್ತದೆ ಎನ್ನೋಣ. ಅದನ್ನು ನಿಲ್ಲಿಸಬೇಡಿ, ಅಲ್ಲಿಂದಲೇ ಹೊರಡಿ. ಕೆಲವು ದಿನ ಅದರ ಮೇಲೆ ಚಿಟಿಕೆ ಪುಟಾಣಿ ಹಿಟ್ಟು ಉದುರಿಸಿ. ಒಪ್ಪಿದರೆ ಹಿಟ್ಟು ಹೆಚ್ಚಿಸಿ. ಬಳಿಕ ಪಕ್ಕದಲ್ಲಿ ಕಟಕ್ ರೊಟ್ಟಿಯ ಉಗುರಗಲದ ಚೂರು ಇಡಿ. ಅದೂ ಗರಿಗರಿಯೇ ತಾನೆ. ಚೂರಿಗೆ ಶೇಂಗಾ ಹಿಂಡಿ (ಚಟ್ನಿಪುಡಿ) ತಾಗಿಸುವುದು ಆಮೇಲಿನ ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂಸಿ ನೋಡಿ ಪಕ್ಕಕ್ಕಿಟ್ಟರೆ ಅದನ್ನೂ ಬರೆದುಕೊಳ್ಳಿ, ಅದು ಸೋಲಲ್ಲ. ಹತ್ತು, ಹದಿನೈದು ಸಲ ಇಟ್ಟ ಮೇಲೆ ಬಾಯಿಗೆ ಹೋಗುವ ತಿನಿಸುಗಳುಂಟು. ಬಾಯಿಗೆ ತುರುಕಿದರೆ ಮಾತ್ರ ಒಪ್ಪಿದ್ದ ಮಂಡಕ್ಕಿಯೂ ಕೈತಪ್ಪಬಹುದು, ಅಜ್ಜಿಯರಿಗೆ ಇದನ್ನು ಮೊದಲೇ ಹೇಳಿಡಿ.

ಊಟದ ಹೊತ್ತು, ಜಾಗ, ತಟ್ಟೆ ದಿನವೂ ಒಂದೇ ಇರಲಿ. ಅರ್ಧ ಗಂಟೆ ಸಾಕು.

ಇನ್ನು ಹೊಟ್ಟೆ. ಮಲಬದ್ಧತೆ ಈ ಮಕ್ಕಳಲ್ಲಿ ಸಾಮಾನ್ಯ. ಮಾತು ಬಾರದ ಮಗು ನೋವನ್ನು ಚೀರಾಟದಲ್ಲಿ, ನಿದ್ದೆಗೇಡಿನಲ್ಲಿ ತೋರಿಸಬಹುದು. ನೀರು, ಬಾಳೆಹಣ್ಣು, ಬೇಳೆ ಹೆಚ್ಚಿಸಿ ನೋಡಿ. ಸರಿಹೋಗದಿದ್ದರೆ ವೈದ್ಯರ ಬಳಿಗೆ ಹೋಗಿ. ಮಣ್ಣು, ಸುಣ್ಣ ತಿನ್ನುವ ಮಗುವಿಗೆ ರಕ್ತ ಪರೀಕ್ಷೆ ಬೇಕು, ಕಬ್ಬಿಣದಂಶ ಕಡಿಮೆಯಿರಬಹುದು. ಹಣ್ಣು, ತರಕಾರಿ ಮುಟ್ಟದ ಮಗುವಿನ ವಸಡಿನಲ್ಲಿ ರಕ್ತ ಬಂದರೆ, ಕಾಲು ನೋವೆಂದು ನಡೆಯಲು ಒಲ್ಲೆನೆಂದರೆ ತಡಮಾಡಬೇಡಿ. ಅದು ವಿಟಮಿನ್ ಸಿ ಕೊರತೆಯಿಂದಲೂ ಆಗುತ್ತದೆ. ಅಂತರ್ಜಾಲದಲ್ಲಿ ಮಾರುವ ವಿಟಮಿನ್ ಡಬ್ಬಿಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳಿಗೆ ತಪಾಸಣೆ ಉಚಿತ. ಅಂಗನವಾಡಿಗೆ ಬರುವ ಅದರ ತಂಡಕ್ಕೆ ತಿಳಿಸಿ, ಮುಂದೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳುಹಿಸಿಕೊಡುತ್ತಾರೆ. ಹೋಗುವಾಗ ಆ ನೋಟ್‌ಬುಕ್ ಮರೆಯಬೇಡಿ, ಜೊತೆಗೆ ಒಂದು ಡಬ್ಬಿ ಮಂಡಕ್ಕಿ. ಸರದಿ ಬರುವುದು ತಡವಾದೀತು.