ಹೊಸಬರಿಗೆ ಮಾರ್ಗದರ್ಶಿ: ವಸಂತದಲ್ಲಿ ಹಾಸಿಗೆ, ಕೌದಿ, ಸೋಫಾ ಶುಚಿ ಮಾಡುವುದು

ಯುಗಾದಿ ಹತ್ತಿರ ಬಂತೆಂದರೆ ಹಾಸಿಗೆ, ದಿಂಬು, ಕಂಬಳಿ ಎಲ್ಲವನ್ನೂ ಅಂಗಳಕ್ಕೋ ತಾರಸಿಗೋ ಹಾಕಿ, ಕೋಲು ತಗೊಂಡು ಬಡಿಯುವುದು ನಮ್ಮ ಕಡೆಯ ರೂಢಿ. ನ್ಯೂಜೆರ್ಸಿಗೆ ಬಂದ ಮೇಲೂ ಮಾರ್ಚ್ ಬಂದಾಗ ಕೈ ಸುಮ್ಮನಿರುವುದಿಲ್ಲ. ಅದು ಒಳ್ಳೆಯದೇ. ನಾಲ್ಕೈದು ತಿಂಗಳು ಕಿಟಕಿ ಮುಚ್ಚಿ, ಹೀಟರ್ ಹಾಕಿಕೊಂಡು, ಒಳಗೇ ಒಗ್ಗರಣೆ ಹಾಕಿಕೊಂಡು ಕೂತ ಮನೆ ಇದು. ಸೋಫಾಗೆ ಮೂಗು ಹಚ್ಚಿ ನೋಡಿ, ಗೊತ್ತಾಗುತ್ತೆ.

ಆದರೆ ಊರಿನ ರೀತಿ ಇಲ್ಲಿ ಅರ್ಧ ಮಾತ್ರ ನಡೆಯುತ್ತದೆ. ಅಲ್ಲಿ ಎಷ್ಟೇ ನೀರು ಸುರಿದರೂ ಮಿಕ್ಕಿದ್ದನ್ನು ಬಿಸಿಲು ನೋಡಿಕೊಳ್ಳುತ್ತದೆ. ಇಲ್ಲಿ ಗೋಡೆ ಜಿಪ್ಸಮ್ ಹಲಗೆ, ನೆಲಕ್ಕೆ ಕಾರ್ಪೆಟ್, ಸೋಫಾ ಒಳಗೆ ದಪ್ಪ ಫೋಮ್. ಒಳಗಿಳಿದ ನೀರು ಹೊರಗೆ ಬರುವುದಿಲ್ಲ. ಒದ್ದೆಯಾದ ವಸ್ತು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಹಾಗಾಗಿ ಏನನ್ನೇ ತೊಳೆಯುವ ಮುಂಚೆ, ಇದನ್ನು ಹೇಗೆ ಒಣಗಿಸುತ್ತೇನೆ ಎಂದು ಯೋಚಿಸಿ. ಉತ್ತರ ಇಲ್ಲದಿದ್ದರೆ ತೊಳೆಯಬೇಡಿ, ವ್ಯಾಕ್ಯೂಮ್ ಮಾಡಿ ಬಿಡಿ.

ಯಾವಾಗ ಮಾಡಬೇಕು

ಮಾರ್ಚ್ ಮಧ್ಯದಿಂದ ಏಪ್ರಿಲ್ ಮೊದಲ ವಾರದವರೆಗೆ ಮಾಡಿದರೆ ಚೆನ್ನ. ಹೀಟರ್ ಇನ್ನೂ ಓಡುತ್ತಿರುತ್ತದೆ, ಒಳಗಿನ ಗಾಳಿ ಒಣ ಇರುತ್ತದೆ, ಒದ್ದೆ ಬೇಗ ಆರುತ್ತದೆ. ಏಪ್ರಿಲ್ ಕೊನೆಯ ಹೊತ್ತಿಗೆ ಓಕ್, ಬರ್ಚ್ ಮರಗಳ ಪರಾಗ ಜೋರಾಗುತ್ತದೆ. ಬೆಳಿಗ್ಗೆ ಕಾರಿನ ಮೇಲೆ ಹಳದಿ ಪುಡಿ ಕೂತಿರುತ್ತದಲ್ಲ, ಅದೇ. ಆ ದಿನಗಳಲ್ಲಿ ಹಾಸಿಗೆ ಬಟ್ಟೆ ಹೊರಗೆ ಹಾಕಿದರೆ ಪರಾಗವನ್ನೇ ಹೊದ್ದು ಮಲಗಿದ ಹಾಗೆ. ಊರಲ್ಲಿ ಎಂದೂ ಸೀನದವರೂ ಇಲ್ಲಿ ಕೆಲವು ವಸಂತ ಕಳೆದ ಮೇಲೆ ಸೀನಲು ಶುರು ಮಾಡುತ್ತಾರೆ.

ಇನ್ನೊಂದು ಮಾತು. ಅಪಾರ್ಟ್‌ಮೆಂಟ್ ಬಾಲ್ಕನಿಯ ಕಂಬಿಗೆ ಕಂಬಳಿ ಹಾಕುವ ಮುಂಚೆ ನಿಮ್ಮ ಲೀಸ್ ಓದಿ. ಬಹಳಷ್ಟು ಕಡೆ ಅದಕ್ಕೆ ಅನುಮತಿ ಇಲ್ಲ, ನೋಟಿಸ್ ಬರುತ್ತದೆ. ಬಾಲ್ಕನಿಯ ಒಳಗೆ ಮಡಚುವ ಸ್ಟ್ಯಾಂಡ್ ಇಟ್ಟು ಒಣಗಿಸಬಹುದೇ ಎಂದು ಅಪಾರ್ಟ್‌ಮೆಂಟ್ ಆಫೀಸಿನಲ್ಲಿ ಕೇಳಿಕೊಳ್ಳಿ.

ಮೊದಲು ಪ್ಲಾಸ್ಟಿಕ್ ತೆಗೆಯಿರಿ

ಹೌದು, ನಿಮಗೇ ಹೇಳುತ್ತಿರುವುದು. ಹೊಸ ಮ್ಯಾಟ್ರೆಸ್, ಹೊಸ ಸೋಫಾ ಹಾಳಾಗಬಾರದು ಅಂತ ಅಂಗಡಿಯ ಕವರ್ ಹಾಗೇ ಇಟ್ಟವರು ನಮ್ಮಲ್ಲಿ ಬೇಕಾದಷ್ಟು ಜನ. ರಾತ್ರಿಯ ಬೆವರು ಆ ಪ್ಲಾಸ್ಟಿಕ್ ಕೆಳಗೆ ಸಿಕ್ಕಿಕೊಂಡು ಮುಗ್ಗಲು ವಾಸನೆ ಬರುತ್ತದೆ. ಮ್ಯಾಟ್ರೆಸ್ ಕಾಪಾಡಬೇಕೆಂದರೆ ಜಿಪ್ ಇರುವ, ನೀರು ಇಳಿಯದ ಆದರೆ ಗಾಳಿಯಾಡುವ ಬಟ್ಟೆ ಕವರ್ ಸಿಗುತ್ತದೆ. ಅಲರ್ಜಿ ಇರುವವರಿಗೂ ಅದೇ ಬೇಕು. ಮ್ಯಾಟ್ರೆಸ್‌ಗೆ ಹೊಲಿದ ಚೀಟಿಯಲ್ಲಿ, ಇದನ್ನು ಕಿತ್ತರೆ ಕಾನೂನಿನ ಶಿಕ್ಷೆ ಎಂಬರ್ಥದ ಸಾಲು ಇರುತ್ತದೆ. ಅದು ಮಾರುವವರಿಗೆ. ಕೊಂಡವರು ಕೀಳಬಹುದು. ಆದರೂ ಕೀಳಬೇಡಿ, ಒಳಗೆ ಏನು ತುಂಬಿದೆ ಅಂತ ಅದರಲ್ಲೇ ಬರೆದಿರುತ್ತದೆ.

ಬೆಡ್‌ಶೀಟ್, ದಿಂಬು, ಕಂಫರ್ಟರ್

ಹಾಸಿಗೆಯಲ್ಲಿ ಡಸ್ಟ್ ಮೈಟ್ ಎಂಬ ಕಣ್ಣಿಗೆ ಕಾಣದ ಹುಳು ಇರುತ್ತದೆ. ನಮ್ಮ ಚರ್ಮದಿಂದ ಉದುರುವ ಹೊಟ್ಟೇ ಅದರ ಊಟ. ಚಳಿಗಾಲದ ಒಣ ಗಾಳಿಗೆ ಕಡಿಮೆಯಾಗುತ್ತವೆ, ಆದರೆ ಅಲರ್ಜಿ ತರುವ ಹಿಕ್ಕೆ ಹಾಸಿಗೆಯಲ್ಲೇ ಉಳಿದಿರುತ್ತದೆ. ಹುಳು ಸಾಯಬೇಕಾದರೆ ನೀರು 130 ಡಿಗ್ರಿ ಫ್ಯಾರನ್‌ಹೀಟ್ ಆದರೂ ಬಿಸಿ ಇರಬೇಕು, ಅಂದರೆ ಸುಮಾರು 54 ಸೆಲ್ಸಿಯಸ್. ಮನೆಯ ಗೀಸರನ್ನು ಸಾಮಾನ್ಯವಾಗಿ 120ಕ್ಕೆ ಇಟ್ಟಿರುತ್ತಾರೆ. ಹಾಗಾಗಿ ವಾಷರ್‌ನಲ್ಲಿ ಹಾಟ್ ಒತ್ತಿದ ಮಾತ್ರಕ್ಕೆ ಸಾಲದು. ಸ್ಯಾನಿಟೈಜ್ ಸೈಕಲ್ ಇದ್ದರೆ ಅದನ್ನು ಬಳಸಿ, ಇಲ್ಲದಿದ್ದರೆ ಡ್ರೈಯರ್‌ನಲ್ಲಿ ಹೈ ಹೀಟ್ ಕೊಡಿ. ಬಟ್ಟೆಯ ಚೀಟಿ ಅದಕ್ಕೆ ಒಪ್ಪಬೇಕು, ಅಷ್ಟೇ.

ನಮ್ಮವರ ದಿಂಬಿನ ಕವರಿನಲ್ಲಿ ತಲೆಗೆಣ್ಣೆಯ ಜಿಡ್ಡು ಇದ್ದೇ ಇರುತ್ತದೆ. ಬಟ್ಟೆಯ ಸೋಪಿಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಜಿಡ್ಡಿನ ಮೇಲೆ ಉಜ್ಜಿ, ಹದಿನೈದು ನಿಮಿಷ ಬಿಟ್ಟು, ಆಮೇಲೆ ಬಿಸಿನೀರಲ್ಲಿ ಹಾಕಿ. ಯುಗಾದಿಯ ಎಣ್ಣೆನೀರಿನ ಟವೆಲ್‌ಗಳಿಗೂ ಹೀಗೇ ಮಾಡಿ. ಎಣ್ಣೆ ಉಳಿದ ಬಟ್ಟೆಯನ್ನು ಡ್ರೈಯರ್‌ಗೆ ಹಾಕಲೇಬೇಡಿ. ಎಣ್ಣೆ ಹೀರಿದ ಬಟ್ಟೆ ಬಿಸಿಯಲ್ಲಿ ರಾಶಿಯಾಗಿ ಕೂತರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಮೂಸಿದಾಗ ಎಣ್ಣೆ ವಾಸನೆ ಬಂದರೆ ಇನ್ನೊಮ್ಮೆ ಒಗೆದು, ಹರಡಿ ಒಣಗಿಸಿ.

ಪಾಲಿಯೆಸ್ಟರ್ ದಿಂಬನ್ನೂ ಪುಕ್ಕದ ದಿಂಬನ್ನೂ ಸಾಮಾನ್ಯವಾಗಿ ಮಷೀನಿಗೆ ಹಾಕಬಹುದು. ಎರಡೆರಡು ಹಾಕಿ, ಡ್ರಮ್ ವಾಲುವುದಿಲ್ಲ. ಮೆಮೊರಿ ಫೋಮ್ ದಿಂಬನ್ನು ಮಾತ್ರ ನೀರಿಗೂ ಡ್ರೈಯರ್‌ಗೂ ತೋರಿಸಬೇಡಿ. ದೊಡ್ಡ ಕಂಫರ್ಟರನ್ನು, ಅಂದರೆ ದಪ್ಪ ಹೊದಿಕೆಯನ್ನು, ಮನೆಯ ಮಷೀನಿಗೆ ತುರುಕುವುದಕ್ಕಿಂತ ದುಡ್ಡು ಕೊಟ್ಟು ನಾವೇ ಬಟ್ಟೆ ಒಗೆದುಕೊಳ್ಳುವ ಲಾಂಡ್ರೊಮ್ಯಾಟ್‌ಗೆ ಒಯ್ಯಿರಿ, ಅಲ್ಲಿ ದೊಡ್ಡ ಫ್ರಂಟ್ ಲೋಡ್ ಮಷೀನ್ ಇರುತ್ತದೆ. ಪುಕ್ಕದ ಕಂಫರ್ಟರ್ ಜೊತೆ ಡ್ರೈಯರ್‌ನಲ್ಲಿ ಎರಡು ಹೊಸ ಟೆನಿಸ್ ಚೆಂಡು ಹಾಕಿ, ಗಂಟು ಬಿಡುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆ ಇರುತ್ತದೆ. ಕೈಯಲ್ಲಿ ಒತ್ತಿ ನೋಡಿ, ಎಲ್ಲಾದರೂ ತಣ್ಣಗೆ, ಗಂಟುಗಂಟಾಗಿ ಸಿಕ್ಕರೆ ಇನ್ನೊಂದು ಸೈಕಲ್ ಬೇಕು.

ಅಜ್ಜಿಯ ಕೌದಿ

ಉತ್ತರ ಕರ್ನಾಟಕದವರ ಸೂಟ್‌ಕೇಸಿನಲ್ಲಿ ಒಂದಾದರೂ ಕೌದಿ ಬಂದಿರುತ್ತದೆ. ಇದಕ್ಕೆ ಯಾವ ಚೀಟಿಯೂ ಇಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೆ ಸೀರೆ, ಧೋತರ ಪದರ ಪದರವಾಗಿ ಸೇರಿಸಿ ಹೊಲಿದದ್ದು. ಒಂದು ತುಂಡು ಇಳಕಲ್ ಇರಬಹುದು, ಪಕ್ಕದ್ದು ವಾಯಿಲ್, ಅದರ ಪಕ್ಕ ರೇಷ್ಮೆ. ಬಣ್ಣ ಬಿಡುವ ತುಂಡು ಒಂದಿದ್ದರೂ ಸಾಕು, ಮಿಕ್ಕ ಎಲ್ಲದಕ್ಕೂ ಹತ್ತುತ್ತದೆ. ಬಿಳಿ ಬಟ್ಟೆ ಒದ್ದೆ ಮಾಡಿ ಒಂದೊಂದು ಗಾಢ ಬಣ್ಣದ ಮೇಲೂ ಒತ್ತಿ ನೋಡಿ. ಬಣ್ಣ ಬಂದರೆ ಮಷೀನಿನ ಆಸೆ ಬಿಡಿ, ಗಾಳಿಗೆ ಹಾಕಿ, ತೆಳು ಬಟ್ಟೆ ಹೊದಿಸಿ ಮೆಲ್ಲಗೆ ವ್ಯಾಕ್ಯೂಮ್ ಮಾಡಿ.

ಬಣ್ಣ ಬಾರದಿದ್ದರೆ ಮೊದಲು ಬಿಟ್ಟ ಹೊಲಿಗೆಗಳನ್ನು ಹೊಲಿಯಿರಿ. ಆಮೇಲೆ ಬಾತ್‌ಟಬ್‌ನಲ್ಲಿ ತಣ್ಣೀರು, ಒಂದೆರಡು ಚಮಚ ಸೌಮ್ಯ ಸೋಪು. ಕೌದಿಯನ್ನು ಮಡಚಿ ಇಳಿಸಿ, ಅಂಗೈಯಲ್ಲಿ ಒತ್ತಿ ಒತ್ತಿ ಕೊಳೆ ಬಿಡಿಸಿ. ಒದ್ದೆ ಕೌದಿ ಒಬ್ಬರ ಕೈಗೆ ಬಗ್ಗುವುದಿಲ್ಲ. ಒಂದು ಮೂಲೆ ಹಿಡಿದು ಎತ್ತಿದರೆ ಹೊಲಿಗೆ ಕಿತ್ತು ಬರುತ್ತದೆ. ನೀರು ಬಿಟ್ಟು, ಟಬ್‌ನಲ್ಲೇ ಚೆನ್ನಾಗಿ ಒತ್ತಿ, ಇಬ್ಬರು ಸೇರಿ ಬೆಡ್‌ಶೀಟಿನ ಜೋಲಿಯಲ್ಲಿ ಎತ್ತಿ. ಸ್ಟ್ಯಾಂಡಿನ ಮೇಲೆ ಚಪ್ಪಟೆಯಾಗಿ ಹರಡಿ, ಫ್ಯಾನ್ ಹಾಕಿ, ಆಗಾಗ ಮಗುಚಿ. ನಡುವೆ ಕೋಲಿರುವ ಟಾಪ್ ಲೋಡ್ ಮಷೀನಿಗೆ ಹಾಕಿದರೆ ಕೌದಿ ಹೋಗಿ ಚಿಂದಿ ಹೊರಬರುತ್ತದೆ.

ಮ್ಯಾಟ್ರೆಸ್

ಇದರ ಮೇಲೆ ನೀರು ಸುರಿಯುವಂತಿಲ್ಲ. ವ್ಯಾಕ್ಯೂಮ್‌ನ ಸೋಫಾ ಬ್ರಷ್ ಹಾಕಿ, ಹೊಲಿಗೆಯ ಸಂದುಗಳನ್ನು ನಿಧಾನವಾಗಿ ಎಳೆಯಿರಿ. ಹೆಪಾ ಫಿಲ್ಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನುಣುಪು ದೂಳು ಹಿಂದಿನಿಂದ ಮತ್ತೆ ಕೋಣೆಗೇ ಬರುತ್ತದೆ. ಅಡುಗೆ ಸೋಡಾ ಚೆಲ್ಲಿ ಎಳೆಯುವುದನ್ನು ಎಲ್ಲರೂ ಹೇಳುತ್ತಾರೆ. ವಾಸನೆ ಕಡಿಮೆಯಾಗುತ್ತದೆ, ನಿಜ. ಹುಳು ಸಾಯುತ್ತದೆ ಎಂದೆಲ್ಲ ನಂಬಬೇಡಿ. ಡಬ್ಬಿ ಪೂರ್ತಿ ಸುರಿಯಲೂಬೇಡಿ, ಆ ಪುಡಿ ವ್ಯಾಕ್ಯೂಮ್ ಫಿಲ್ಟರನ್ನು ಕಟ್ಟಿಬಿಡುತ್ತದೆ.

ರಕ್ತದ ಕಲೆಗೆ ತಣ್ಣೀರೇ, ಬಿಸಿನೀರು ಬಿದ್ದರೆ ಕಲೆ ಗಟ್ಟಿಯಾಗುತ್ತದೆ. ಮಕ್ಕಳ ಉಚ್ಚೆಗೆ ಟವೆಲ್ ಒತ್ತಿ ಹೀರಿ, ಎಂಜೈಮ್ ಕ್ಲೀನರ್ ಹಾಕಿ, ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಆಮೇಲೆ ಫ್ಯಾನ್. ಈಗಿನ ಮ್ಯಾಟ್ರೆಸ್ ಹೆಚ್ಚಿನವು ಒಂದೇ ಬದಿಯವು, ಮಗುಚಬಾರದು. ತಲೆ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಿ ಸಾಕು.

ಸೋಫಾ, ಸಾರು, ಅರಿಶಿನ

ಕುಶನ್ ಎತ್ತಿ ಕೆಳಗಿನ ಚೀಟಿ ಹುಡುಕಿ. ಡಬ್ಲ್ಯೂ ಎಂದಿದ್ದರೆ ನೀರಿನ ಕ್ಲೀನರ್ ಬಳಸಬಹುದು. ಎಸ್ ಎಂದಿದ್ದರೆ ಸಾಲ್ವೆಂಟ್, ಅಂದರೆ ನೀರಿಲ್ಲದ ಕ್ಲೀನರ್ ಮಾತ್ರ, ನೀರು ಬಿದ್ದರೆ ಗುರುತು ಉಳಿಯುತ್ತದೆ. ಎರಡೂ ಅಕ್ಷರ ಇದ್ದರೆ ಎರಡೂ ಆಗುತ್ತದೆ. ಎಕ್ಸ್ ಇದ್ದರೆ ವ್ಯಾಕ್ಯೂಮ್ ಬಿಟ್ಟು ಏನೂ ಬೇಡ. ಕುಶನ್ ಕವರಿಗೆ ಜಿಪ್ ಇದೆ ಅಂತ ಬಿಚ್ಚಿ ಮಷೀನಿಗೆ ಹಾಕಿಬಿಡಬೇಡಿ. ಆ ಜಿಪ್ ಇರುವುದು ಕಾರ್ಖಾನೆಯಲ್ಲಿ ಫೋಮ್ ತುಂಬುವುದಕ್ಕೆ. ಒಗೆದ ಕವರ್ ಕುಗ್ಗಿದರೆ ಮತ್ತೆ ಕುಶನ್ನಿಗೆ ಏರುವುದೇ ಇಲ್ಲ.

ಡಬ್ಲ್ಯೂ ಸೋಫಾಗೆ ಸೋಪಿನ ನೀರು ಬಿಟ್ಟು ಮತ್ತೆ ಹೀರಿಕೊಳ್ಳುವ ಬಾಡಿಗೆ ಮಷೀನ್ ಸಿಗುತ್ತದೆ. ಹೋಮ್ ಡಿಪೋ, ಲೋಸ್ ಅಂಗಡಿಗಳಲ್ಲಿ ರಗ್ ಡಾಕ್ಟರ್ ಕೇಳಿ, ಸೋಫಾಗೆ ಬೇಕಾದ ಕೈಬ್ರಷನ್ನೂ ಸೇರಿಸಿ ಕೇಳಿ. ಮೊದಲು ಹಿಂಬದಿಯ ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿ. ಸೋಪು ಜಾಸ್ತಿ ಹಾಕಿದರೆ ಅಂಟು ಉಳಿದು ಕೊಳೆಯನ್ನು ಇನ್ನೂ ಬೇಗ ಹಿಡಿಯುತ್ತದೆ. ಒಮ್ಮೆ ನೀರು ಬಿಟ್ಟರೆ ಎರಡು ಮೂರು ಸಲ ಬರೀ ಎಳೆಯಿರಿ, ಕೊಳವೆಯಲ್ಲಿ ನೀರು ಬರುವುದು ನಿಲ್ಲುವವರೆಗೆ. ಕುಶನ್ನುಗಳನ್ನು ನೆಟ್ಟಗೆ ನಿಲ್ಲಿಸಿ ಫ್ಯಾನ್ ಹಚ್ಚಿ. ಬೆಳಿಗ್ಗೆ ಮಾಡಿ, ರಾತ್ರಿ ಊಟಕ್ಕೆ ನೆಂಟರನ್ನು ಕರೆಯಬೇಡಿ.

ಸಾರು, ಹುಳಿ ಚೆಲ್ಲಿದರೆ ಉಜ್ಜಬೇಡಿ, ಚಮಚದಿಂದ ಕೆರೆದು ತೆಗೆಯಿರಿ. ಬಿಳಿ ಬಟ್ಟೆಗೆ ಪಾತ್ರೆ ಸೋಪಿನ ನೀರು ಅದ್ದಿ, ಅಂಚಿನಿಂದ ನಡುವಿಗೆ ಒತ್ತುತ್ತಾ ಬನ್ನಿ. ಸೋಪು ತಾಗಿದಾಗ ಹಳದಿ ಕಲೆ ಕೆಂಪಗಾದರೆ ಗಾಬರಿ ಬೇಡ. ಅರಿಶಿನಕ್ಕೆ ಕ್ಷಾರ ತಾಗಿದರೆ ಹಾಗೇ ಆಗುವುದು, ಕುಂಕುಮ ಮಾಡುವುದೂ ಹಾಗೇ ಅಲ್ವಾ. ನೀರು ಬೆರೆಸಿದ ವಿನೆಗರ್ ಒತ್ತಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಉಳಿದ ಹಳದಿಯನ್ನು ಬಿಸಿಲು ತೆಗೆಯುತ್ತದೆ. ಆ ಕುಶನ್ನನ್ನು ಕೆಲವು ದಿನ ದಕ್ಷಿಣದ ಕಿಟಕಿಯ ಹತ್ತಿರ ಇಡಿ. ಬಿಸಿಲಿಗೆ ಸೋಫಾದ ಬಣ್ಣವೂ ಮಾಸಬಹುದು, ಮಧ್ಯೆ ಮಧ್ಯೆ ನೋಡುತ್ತಿರಿ.

ಮಗುವಿನ ಕಾರ್ ಸೀಟಿನ ವಿಷಯ ಬೇರೆ. ಅದರ ಬೆಲ್ಟ್‌ಗಳನ್ನು ನೆನೆಸಬೇಡಿ, ಬ್ಲೀಚ್ ಹಾಕಬೇಡಿ. ಕಂಪನಿಯ ಪುಸ್ತಕ ಹೇಳಿದಷ್ಟೇ ಮಾಡಿ.

ರಸ್ತೆ ಬದಿಯ ಸೋಫಾ, ತಿಗಣೆ, ನುಸಿಗುಳಿಗೆ

ಮೇ, ಜೂನ್‌ನಲ್ಲಿ ಜನ ಮನೆ ಬದಲಿಸುವಾಗ ಒಳ್ಳೊಳ್ಳೆ ಸೋಫಾಗಳು ರಸ್ತೆ ಬದಿಯಲ್ಲಿ ಕೂತಿರುತ್ತವೆ. ಮರದ ಮೇಜು, ಕುರ್ಚಿಯನ್ನು ಸಂದು ಸಂದು ನೋಡಿ ತರಬಹುದು. ಬಟ್ಟೆ ಹೊದಿಸಿದ್ದು ಮಾತ್ರ ಬೇಡವೇ ಬೇಡ. ತಿಗಣೆ ಬಂದರೆ ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಹೋಗುತ್ತದೆ. ಪರಿಚಯದವರಿಂದ ಕೊಳ್ಳುವಾಗಲೂ ಟಾರ್ಚ್ ಹಿಡಿದು ಹೊಲಿಗೆ ನೋಡಿ. ಶಾಯಿ ಚುಕ್ಕೆಯಂಥ ಕಪ್ಪು ಕಲೆ, ಹುಳು ಕಳಚಿದ ತೆಳು ಸಿಪ್ಪೆ ಕಂಡರೆ ಬಿಟ್ಟು ಬನ್ನಿ.

ಮನೆಯಲ್ಲೇ ಕಂಡರೆ ಆ ದಿನವೇ ಮನೆ ಮಾಲೀಕರಿಗೆ ಬರಹದಲ್ಲಿ ತಿಳಿಸಿ, ಫೋಟೋ ಇಟ್ಟುಕೊಳ್ಳಿ. ಬಟ್ಟೆಗಳನ್ನು ಚೀಲದಲ್ಲಿ ಕಟ್ಟಿ ಒಯ್ದು ಡ್ರೈಯರ್‌ನಲ್ಲಿ ಹೈ ಹೀಟ್‌ನಲ್ಲಿ ಅರ್ಧ ಗಂಟೆಯಾದರೂ ಓಡಿಸಿ. ಹೊಗೆ ಬಿಡುವ ಬಗ್ ಬಾಂಬ್ ತರಬೇಡಿ, ಅದು ತಿಗಣೆ ಅಡಗುವ ಸಂದುಗಳಿಗೆ ಮುಟ್ಟುವುದಿಲ್ಲ. ನಾಚಿಕೆಯೂ ಬೇಡ, ಅದು ಕೊಳಕು ಮನೆಗೆ ಮಾತ್ರ ಬರುವ ರೋಗವಲ್ಲ.

ಚಳಿಗಾಲದ ಕಂಬಳಿ ಎತ್ತಿಡುವಾಗ ನುಸಿಗುಳಿಗೆಯನ್ನು ಮಡಿಕೆಯ ನಡುವೆ ಎಸೆಯುವ ಅಭ್ಯಾಸ ಬಿಡಿ. ಇಲ್ಲಿ ಅದನ್ನು ಗಾಳಿಯಾಡದ ಡಬ್ಬಿಯೊಳಗೆ ಮಾತ್ರ ಇಡಬೇಕೆಂದು ಪ್ಯಾಕೆಟ್ ಮೇಲೇ ಬರೆದಿರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಕೂಸುಗಳಿಗೆ ಈ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಅಪಾಯ, ರಕ್ತಕಣಗಳೇ ಒಡೆಯುತ್ತವೆ. ಒಗೆದು, ಪೂರ್ತಿ ಒಣಗಿಸಿ, ಮುಚ್ಚಳ ಗಟ್ಟಿಯಾಗಿರುವ ಡಬ್ಬಿಯಲ್ಲಿಟ್ಟರೆ ಉಣ್ಣೆಗೆ ಹುಳ ಹತ್ತುವುದು ಅಪರೂಪ. ಬೇಸ್‌ಮೆಂಟ್‌ನಲ್ಲಿ ಇಡುವುದಾದರೆ ಹತ್ತು ಹದಿನೈದು ಡಾಲರಿನ ತೇವಮಾಪಕ ಒಂದು ತನ್ನಿ. ಶೇಕಡಾ 50 ದಾಟಿದರೆ ಡೀಹ್ಯುಮಿಡಿಫೈಯರ್ ಬೇಕು.

ಎಸೆಯುವುದು

ಹಳೆ ಮ್ಯಾಟ್ರೆಸ್ಸನ್ನು ಕಸದ ಡಬ್ಬಿಯ ಪಕ್ಕ ನಿಲ್ಲಿಸಿ ಬರುವ ಹಾಗಿಲ್ಲ. ಇಲ್ಲಿ ನೀವಿರುವ ಊರಿನ ಟೌನ್‌ಶಿಪ್ ವೆಬ್‌ಸೈಟಿನಲ್ಲಿ ದೊಡ್ಡ ಕಸ ಒಯ್ಯುವ ದಿನ ಯಾವುದು, ಮೊದಲೇ ಫೋನ್ ಮಾಡಬೇಕೇ ಎಂದು ನೋಡಿ. ನದಿಯಾಚೆ ನ್ಯೂಯಾರ್ಕ್ ನಗರದಲ್ಲಿ ಇರುವವರು ಮ್ಯಾಟ್ರೆಸ್ಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಯೇ ಹೊರಗಿಡಬೇಕು, ಇಲ್ಲದಿದ್ದರೆ ದಂಡ. ಮ್ಯಾಸಚೂಸೆಟ್ಸ್‌ನಲ್ಲಿ 2022ರ ನವೆಂಬರ್‌ನಿಂದ ಅದನ್ನು ಕಸಕ್ಕೆ ಹಾಕುವುದೇ ನಿಷೇಧ, ಮರುಬಳಕೆಗೆ ಕೊಡಬೇಕು. ಕನೆಕ್ಟಿಕಟ್‌ನಲ್ಲಿ ಕೊಳ್ಳುವಾಗಲೇ ಮರುಬಳಕೆಯ ಶುಲ್ಕ ಕಟ್ಟಿಸಿಕೊಂಡಿರುತ್ತಾರೆ, ಹಾಗಾಗಿ ಅಲ್ಲಿನ ಸಂಗ್ರಹ ಕೇಂದ್ರಗಳಿಗೆ ನೀವೇ ಒಯ್ದು ಕೊಡಬಹುದು. ಕಾರಿನ ಮೇಲೆ ಕಟ್ಟಿ ಒಯ್ಯುವುದಾದರೆ ಗಟ್ಟಿ ಪಟ್ಟಿ ಬಳಸಿ, ಹೈವೇ ಬಿಟ್ಟು ಒಳದಾರಿಯಲ್ಲಿ ಹೋಗಿ.